ದೇವತೆ ಒಲಿದಳೋ, ಒಲಿಯಿತೋ?

ಕನ್ನಡ ವ್ಯಾಕರಣದ ಲಿಂಗಪ್ರಕರಣವನ್ನು ಬೋಧಿಸುವವರಿಗೆಲ್ಲ ಚಿರಪರಿಚಿತವಾದ ಒಂದು ಜೋಡಿ ವಾಕ್ಯವಿದೆ: ‘ಸರಸ್ವತಿ ಒಲಿದಳು’, ‘ಸರಸ್ವತಿ ಒಲಿಯಿತು’. ಎರಡೂ ಶುದ್ಧ, ಎರಡೂ ಕನ್ನಡ. ಲಕ್ಷ್ಮಿ, ಸರಸ್ವತಿ, ದೇವತೆ, ಹೆಣ್ಣು, ಹುಡುಗಿ ಮೊದಲಾದ ಶಬ್ದಗಳು ಒಮ್ಮೆ ಸ್ತ್ರೀಲಿಂಗದ ಕ್ರಿಯಾಪದವನ್ನೂ ಮತ್ತೊಮ್ಮೆ ನಪುಂಸಕಲಿಂಗದ ಕ್ರಿಯಾಪದವನ್ನೂ ಪಡೆಯುವುದರಿಂದ ಇವುಗಳಿಗೆ ‘ಸ್ತ್ರೀನಪುಂಸಕಲಿಂಗ’ವೆಂದು ಹೆಸರು. ಸೂರ್ಯ, ಚಂದ್ರ, ಶನಿ ಮುಂತಾದವು ‘ಮೂಡಿದನು’ ಎಂದೂ ‘ಮೂಡಿತು’ ಎಂದೂ ಆಗುವುದರಿಂದ ‘ಪುನ್ನಪುಂಸಕಲಿಂಗ’. ಪ್ರೌಢಶಾಲೆಯ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಒಂದು ಅಂಕ ಪಡೆದು ಮರೆಯುತ್ತಾರೆ. ನಾವು ಅಧ್ಯಾಪಕರೂ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಸಮಾಸಪ್ರಕರಣ ಕಾಯುತ್ತಿರುತ್ತದೆ.

ಆದರೆ ಇದು ನಿಂತು ನೋಡಬೇಕಾದ ಜಾಗವೆಂದು ನನಗೆ ಅನ್ನಿಸಲು ಎರಡು ಕಾರಣಗಳಿವೆ. ಒಂದು, ನಮ್ಮಿಂದ ಬಹುದೂರದ ಪ್ರಾಚೀನ ಗ್ರೀಕರ ಭಾಷೆಯಲ್ಲಿಯೂ ದೇವಿಯ ಹೆಸರು ಇಂಥದೇ ಒಂದು ಇಕ್ಕಟ್ಟನ್ನು ಒಡ್ಡಿದೆ. ಇನ್ನೊಂದು, ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ. ಮೊದಲನೆಯದನ್ನು ಮೊದಲು ಹೇಳುತ್ತೇನೆ; ಎರಡನೆಯದಕ್ಕೆ ಉತ್ತರ ಕೊಡಲು ಅದು ಬೇಕಾಗುತ್ತದೆ.

ಗ್ರೀಕ್ ಭಾಷೆಯಲ್ಲಿ ಮೂರು ಲಿಂಗಗಳು. ಸಂಸ್ಕೃತದಂತೆ ಅಲ್ಲಿಯೂ ಲಿಂಗವು ಶಬ್ದಕ್ಕೆ ಅಂಟಿಕೊಂಡದ್ದು, ಅರ್ಥಕ್ಕೆ ಅಲ್ಲ. ಮೇಜು ಸ್ತ್ರೀಲಿಂಗ, ನದಿ ಪುಲ್ಲಿಂಗ, ಮಗು ನಪುಂಸಕ. ದೇವರಿಗೆ ‘ಥೆಓಸ್’ ಎಂಬ ಶಬ್ದ. ರೂಪದಲ್ಲಿ ಅದು ಪುಲ್ಲಿಂಗದ ಮಾದರಿಯದು. ಅದಕ್ಕೆ ‘ಥೆಆ’ ಎಂಬ ಸ್ತ್ರೀಲಿಂಗರೂಪವೂ ಉಂಟು. ಹೋಮರನ ‘ಇಲಿಯಡ್’ ಕಾವ್ಯದ ಮೊದಲ ಸಾಲಿನಲ್ಲಿಯೇ ಕವಿ ಕಾವ್ಯದೇವಿಯನ್ನು ಕರೆಯುವುದು ಈ ಶಬ್ದದಿಂದ. ಹೀಗೆ ಸ್ತ್ರೀಲಿಂಗರೂಪ ಕೈಗೆಟುಕುವಂತಿದ್ದರೂ ಅಥೆನ್ಸಿನ ಜನ ತಮ್ಮ ಅಧಿದೇವತೆಯನ್ನು ಗದ್ಯದಲ್ಲಿಯೂ ಶಾಸನದಲ್ಲಿಯೂ ಕರೆದದ್ದು ‘ಹೇ ಥೆಓಸ್’ ಎಂದು. ‘ಹೇ’ ಎಂಬುದು ಸ್ತ್ರೀಲಿಂಗದ ಉಪಪದ. ‘ಥೆಓಸ್’ ಪುರುಷದೇವರಿಗೂ ಸಲ್ಲುವ ರೂಪ. ಹೆಣ್ಣೆಂಬುದನ್ನು ಮುಂದಿನ ಪುಟ್ಟ ಉಪಪದ ಹೇಳುತ್ತದೆ, ದೇವರೆಂಬುದನ್ನು ಶಬ್ದ ಹೇಳುತ್ತದೆ. ದೇವರುಗಳನ್ನೂ ದೇವಿಯರನ್ನೂ ಬೇರೆಬೇರೆಯಾಗಿ ಎಣಿಸಬೇಕಾದಾಗ ಮಾತ್ರ ‘ಥೆಆ’ದ ಬಹುವಚನ ಬರುತ್ತದೆ. ದೇಮೀಟರ್ ಮತ್ತು ಅವಳ ಮಗಳು ಪರ್ಸೆಫೊನೆ ಇಬ್ಬರನ್ನೂ ಸೇರಿಸಿ ದ್ವಿವಚನದಲ್ಲಿ ‘ತೋ ಥೆಓ’ ಎನ್ನುತ್ತಿದ್ದರು. ಅಥೆನ್ಸಿನ ಹೆಂಗಸರು ಆಣೆಯಿಡುತ್ತಿದ್ದುದು ಈ ಇಬ್ಬರ ಮೇಲೆಯೇ. ಆ ದ್ವಿವಚನರೂಪದಲ್ಲಿ ಗಂಡು ಹೆಣ್ಣು ಎಂಬ ಭೇದವೇ ಕಾಣುವುದಿಲ್ಲ.

ಲಿಂಗಗಳನ್ನು ಮೂರಾಗಿ ವಿಂಗಡಿಸಿದವನು ಪ್ರೊಟಾಗೊರಸನೆಂದು ಅರಿಸ್ಟಾಟಲ್ ತನ್ನ ಭಾಷಣಶಾಸ್ತ್ರದ ಗ್ರಂಥದಲ್ಲಿ ಹೇಳುತ್ತಾನೆ. ಗಂಡು, ಹೆಣ್ಣು ಎಂದ ಮೇಲೆ ಮೂರನೆಯದಕ್ಕೆ ಅಲ್ಲಿ ಬರುವ ಹೆಸರು ‘ಸಾಮಾನು’ ಎಂಬರ್ಥದ್ದು. ಮನೆಯ ಪಾತ್ರೆಪದಾರ್ಥಗಳಿಗೆ ಹೇಳುವ ಮಾತು. ಪ್ರೊಟಾಗೊರಸನಿಗೆ ಭಾಷೆಯನ್ನು ತಿದ್ದುವ ಹಂಬಲವೂ ಇದ್ದಿತು. ಕೋಪವೆಂಬ ಶಬ್ದ ಗ್ರೀಕಿನಲ್ಲಿ ಸ್ತ್ರೀಲಿಂಗ. ಅದು ಪುಲ್ಲಿಂಗವಾಗಿರಬೇಕಿತ್ತೆಂದು ಅವನ ವಾದ. ಈ ಬಗೆಯ ಪಾಂಡಿತ್ಯವನ್ನು ಅರಿಸ್ಟೊಫನೀಸನು ಕ್ರಿ.ಪೂ. 423ರಲ್ಲಿ ಆಡಿಸಿದ ‘ಮೋಡಗಳು’ ಎಂಬ ಪ್ರಹಸನದಲ್ಲಿ ಗೇಲಿಮಾಡಿದ. ಹುಂಜಕ್ಕೂ ಹೇಟೆಗೂ ಒಂದೇ ಶಬ್ದ ಬಳಸುತ್ತೀಯಲ್ಲ ಎಂದು ನಾಟಕದ ಸಾಕ್ರಟೀಸನು ಹಳ್ಳಿಗನೊಬ್ಬನನ್ನು ಗದರಿಸಿ, ಹೇಟೆಗೊಂದು ಹೊಸ ಸ್ತ್ರೀಲಿಂಗಪದವನ್ನು ಅಲ್ಲಿಯೇ ಹೊಸೆದು ಕೊಡುತ್ತಾನೆ. ಪ್ರೇಕ್ಷಕರು ನಕ್ಕಿರಬೇಕು. ಮುಂದೆ ಡಯೊನಿಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಉಳಿದುಬಂದ ಕಿರುವ್ಯಾಕರಣವು ಮೂರು ಲಿಂಗಗಳನ್ನು ಹೇಳಿ, ಕೆಲವರು ಇನ್ನೆರಡನ್ನು ಸೇರಿಸುತ್ತಾರೆಂದು ತಿಳಿಸುತ್ತದೆ: ಒಂದೇ ಶಬ್ದ ಎರಡೂ ಉಪಪದಗಳನ್ನು ಪಡೆಯುವ ‘ಸಾಮಾನ್ಯಲಿಂಗ’ ಒಂದು, ಹಕ್ಕಿಗಳ ಹೆಸರುಗಳಂತೆ ಒಂದೇ ಲಿಂಗದಲ್ಲಿ ನಿಂತು ಗಂಡುಹೆಣ್ಣುಗಳೆರಡನ್ನೂ ಒಳಗೊಳ್ಳುವ ಬಗೆ ಇನ್ನೊಂದು. ‘ಥೆಓಸ್’ ಸಹಜವಾಗಿ ಈ ಸಾಮಾನ್ಯಲಿಂಗದ ಸಾಲಿನಲ್ಲಿ ಕೂರುವಂಥದು.

ಇನ್ನು ನಮ್ಮ ಕಡೆಗೆ ಬರೋಣ. ಹೊಯ್ಸಳರ ಕಾಲದಲ್ಲಿ, ಸುಮಾರು 1260ರ ಹೊತ್ತಿಗೆ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದ. ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಇಟ್ಟುಕೊಂಡರೂ ಲಿಂಗದ ವಿಷಯದಲ್ಲಿ ಅವನು ಕನ್ನಡದ ಜಾಯಮಾನವನ್ನು ಸ್ಪಷ್ಟವಾಗಿ ಕಂಡುಕೊಂಡವನು. ಸಂಸ್ಕೃತದಲ್ಲಿ ಹೆಂಡತಿಯೆಂಬ ಅರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ, ‘ಭಾರ್ಯಾ’ ಸ್ತ್ರೀಲಿಂಗ. ಕನ್ನಡಕ್ಕೆ ಆ ಗೊಡವೆಯಿಲ್ಲ. ಪುರುಷರನ್ನು ಹೇಳುವುದು ಪುಲ್ಲಿಂಗ, ಸ್ತ್ರೀಯರನ್ನು ಹೇಳುವುದು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಅದು ಪ್ರಕಟವಾಗುವುದು ಬಹುಮಟ್ಟಿಗೆ ಸರ್ವನಾಮದಲ್ಲಿ ಮತ್ತು ಕ್ರಿಯಾಪದದಲ್ಲಿ. ಹೀಗಿದ್ದೂ ಎರಡು ಲಿಂಗಗಳು ಬೆರೆತ ಶಬ್ದಗಳನ್ನು ಅವನು ಪ್ರತ್ಯೇಕವಾಗಿ ಗುರುತಿಸಬೇಕಾಯಿತು. ಅರ್ಥದಿಂದಲೇ ಲಿಂಗ ನಿರ್ಣಯವಾಗುವ ಭಾಷೆಯಲ್ಲಿ ‘ದೇವತೆ ಒಲಿಯಿತು’ ಎಂಬ ಪ್ರಯೋಗಕ್ಕೆ ಏನು ಅರ್ಥ? ಗ್ರೀಕರಿಗೆ ಇದು ಶಬ್ದದ ಸಮಸ್ಯೆ. ನಮಗೆ ಇದು ಅರ್ಥದ ಸಮಸ್ಯೆ, ಆದುದರಿಂದ ಹೆಚ್ಚು ಗಂಭೀರವಾದದ್ದು.

ಹೆಸರಿನ ರೂಪದಲ್ಲಿ ಮಾತ್ರ ಕನ್ನಡವು ದೇವಿಯರನ್ನೆಲ್ಲ ಸಮಾನವಾಗಿ ಕಂಡಿದೆ. ಸಂಸ್ಕೃತದ ‘ಗಂಗಾ’, ‘ಅಂಬಿಕಾ’ಗಳ ಕೊನೆಯ ಆಕಾರ ಕನ್ನಡದಲ್ಲಿ ಎಕಾರವಾಗಿ ಗಂಗೆ, ಅಂಬಿಕೆ ಆಗುತ್ತದೆ, ‘ಗೌರೀ’, ‘ಸರಸ್ವತೀ’ಗಳ ದೀರ್ಘ ಹ್ರಸ್ವವಾಗಿ ಗೌರಿ, ಸರಸ್ವತಿ ಆಗುತ್ತದೆ. ಸಂಸ್ಕೃತದಲ್ಲಿ ಲಕ್ಷ್ಮಿಗೊಂದು ವಿಶೇಷವಿದೆ. ಗೌರೀ, ಸರಸ್ವತೀ ಎಂಬವು ಪ್ರಥಮಾ ಏಕವಚನದಲ್ಲಿ ವಿಸರ್ಗವಿಲ್ಲದೆ ನಿಂತರೆ ‘ಲಕ್ಷ್ಮೀಃ’ ಎಂಬುದಕ್ಕೆ ವಿಸರ್ಗ ಬೇಕು. ಕನ್ನಡಕ್ಕೆ ಬರುವಾಗ ಆಕೆ ಆ ವಿಸರ್ಗವನ್ನು ಹೊಸಿಲಿನ ಹೊರಗೆ ಬಿಟ್ಟು ಒಳಗೆ ಬರುತ್ತಾಳೆ. ಇನ್ನೂ ಒಳಗೆ ಬಂದರೆ ಲಕುಮಿ, ಸರಸತಿ, ಸಿರಿ. ಜೈನಪರಂಪರೆಯ ‘ಯಕ್ಷಿ’ಯು ‘ಜಕ್ಕಿ’ಯಾಗಿ ಮನುಷ್ಯರ ಹೆಸರಿನೊಳಗೂ ಸೇರಿಕೊಂಡಳು. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡವನ್ನು ಆಳಿ ಬಂದಳಿಕೆಯಲ್ಲಿ ಸಲ್ಲೇಖನದಿಂದ ದೇಹವಿಟ್ಟ ಜಕ್ಕಿಯಬ್ಬೆಯ ಹೆಸರಿನಲ್ಲಿ ಯಕ್ಷಿಯೂ ಅಬ್ಬೆಯೂ ಒಟ್ಟಿಗಿದ್ದಾರೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಅಥೆನ್ಸಿನ ದೇವಿಯ ಹೆಸರು ಗ್ರೀಕಿನ ಒಳನುಡಿಗಳಲ್ಲಿ ಬೇರೆ ಬೇರೆ. ದೋರಿಯನ್ನರಲ್ಲಿ ‘ಅಥಾನಾ’, ಅಯೋನಿಯನ್ನರಲ್ಲಿಯೂ ಹೋಮರನಲ್ಲಿಯೂ ‘ಅಥೇನೇ’, ಅಥೆನ್ಸಿನಲ್ಲಿ ‘ಅಥೇನಾ’. ದೀರ್ಘ ಆಕಾರವು ಏಕಾರವಾಗುವುದು ಅಯೋನಿಯನ್ ನುಡಿಯ ಲಕ್ಷಣ. ನಮ್ಮ ಗಂಗಾ–ಗಂಗೆಗೂ ಅದಕ್ಕೂ ಚಾರಿತ್ರಿಕ ಸಂಬಂಧವೇನಿಲ್ಲ, ಕಾರಣಗಳೇ ಬೇರೆ. ಆದರೂ ಆ ದೇವಿಯ ಹೆಸರನ್ನು ಕನ್ನಡದಲ್ಲಿ ಬರೆಯುವವರು ‘ಅಥೇನೆ’ ಎಂದರೆ ಕನ್ನಡದ ಸೂತ್ರಕ್ಕೂ ಹೋಮರನ ಕಿವಿಗೂ ಏಕಕಾಲಕ್ಕೆ ಒಪ್ಪುತ್ತದೆ. ಇಂಗ್ಲಿಷಿನ ಮೂಲಕ ಬಂದ ‘ಅಥೀನಾ’ಕ್ಕಿಂತ ಅದು ನಮಗೆ ಹತ್ತಿರದ್ದು. ಇದೇ ನ್ಯಾಯದಿಂದ ನನ್ನ ಊರಿನ ರಾಣಿಯ ಹೆಸರನ್ನೂ ‘ಶಾಂತಲೆ’ ಎನ್ನುವುದು ನನಗೆ ರೂಢಿ. ಏಚಲದೇವಿ, ಬಮ್ಮಲದೇವಿ, ಪದ್ಮಲದೇವಿ, ಶಾಂತಲದೇವಿ: ಹೊಯ್ಸಳ ರಾಣಿಯರ ಹೆಸರುಗಳಲ್ಲಿ ‘ಲ’ಕಾರವು ‘ದೇವಿ’ಯ ಹಿಂದೆ ಹ್ರಸ್ವವಾಗಿ ನಿಲ್ಲುತ್ತದೆ. ‘ದೇವಿ’ಯನ್ನು ಬಿಟ್ಟರೆ ಶಾಂತಲೆ. ಕೆ.ವಿ. ಅಯ್ಯರ್ ಅವರ ಜನಪ್ರಿಯ ಕಾದಂಬರಿಯ ಹೆಸರಾದ ‘ಶಾಂತಲಾ’ ಎಂಬ ರೂಪ ಮಾತ್ರ ಇಂದು ಹೆಣ್ಣುಮಕ್ಕಳ ನಾಮಕರಣಕ್ಕೆ ಗಟ್ಟಿಯಾಗಿ ನಿಂತುಬಿಟ್ಟಿದೆ.

ಹಾಸನದಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಸಿಗುವ ನಮ್ಮ ಶಾಂತಿಗ್ರಾಮ ಆ ರಾಣಿಯ ಹೆಸರಿನಿಂದ ಆದದ್ದೆಂದು ನಾವು ಪರಂಪರೆಯಿಂದ ನಂಬಿಕೊಂಡು ಬಂದಿದ್ದೇವೆ. ವಿಷ್ಣುವರ್ಧನನ ಪಟ್ಟದರಸಿಯಾದ ಆಕೆ ಜೈನಧರ್ಮವನ್ನು ಬಿಡದೆ ನಡೆದವಳು. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿ ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದವಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡವಳು. ಆ ಬಸದಿಗೆ ಅವಳ ಬಿರುದಿನಿಂದಲೇ ‘ಸವತಿಗಂಧವಾರಣ ಬಸದಿ’ ಎಂಬ ಹೆಸರು ಬಂತು. ಗಂಧವಾರಣವೆಂದರೆ ಮದ್ದಾನೆ, ಗಂಡಾನೆ. ಸವತಿಯರಿಗೆ ಮದ್ದಾನೆಯಂತಿದ್ದವಳು ಎಂದು ಹೊಗಳುವಾಗ ಯಾವ ವೈಯಾಕರಣನೂ ತಡೆಯಲಿಲ್ಲ. ಆನೆಯ ಲಿಂಗ ಆನೆಯ ಬಳಿಯೇ ಉಳಿಯಿತು, ಬಲವಷ್ಟೇ ರಾಣಿಗೆ ಬಂತು. ಊರಿಗೆ ಬಂದ ಹೆಸರಿನಲ್ಲಿ ಆ ಬಲವೂ ಕಳೆದು ಶಾಂತಿ ಮಾತ್ರ ನಿಂತಿತು. ಸಂಸ್ಕೃತದಲ್ಲಿ ‘ಶಾಂತಿ’ ಸ್ತ್ರೀಲಿಂಗ, ಕನ್ನಡದಲ್ಲಿ ನಪುಂಸಕ. ‘ಶಾಂತಿ ನೆಲಸಿತು’ ಎನ್ನುತ್ತೇವೆ. ನೆಲಸಿದಳು ಎಂದರೆ ಯಾರೋ ಶಾಂತಿಯೆಂಬ ಹೆಣ್ಣುಮಗಳು ಬಾಡಿಗೆಗೆ ಬಂದಳೆಂದು ಅರ್ಥವಾದೀತು.

ಈಗ ವಿದ್ಯಾರ್ಥಿನಿಯ ಪ್ರಶ್ನೆ. ಆಕೆ ನಮ್ಮ ಹೋಬಳಿಯದೇ ಒಂದು ಹಳ್ಳಿಯವಳು. ಪದವಿಯ ಕೊನೆಯ ವರ್ಷದಲ್ಲಿದ್ದಳು. ಹಳಗನ್ನಡವನ್ನು ತಪ್ಪಿಲ್ಲದೆ ಓದುತ್ತಿದ್ದಳು. ಲಿಂಗಪ್ರಕರಣ ಮುಗಿದ ದಿನ ಮಧ್ಯಾಹ್ನ ವಿಭಾಗಕ್ಕೆ ಬಂದು, “ಸಾರ್, ದೇವತೇನೂ ಹುಡುಗೀನೂ ಒಂದೇ ಪಟ್ಟಿಲಿ ಯಾಕಿದಾವೆ?” ಎಂದಳು. ‘ಇದಾರೆ’ ಎನ್ನಲಿಲ್ಲ, ‘ಇದಾವೆ’ ಎಂದಳು. ಶಬ್ದಗಳ ಮಾತಾದುದರಿಂದ ಅದು ಸರಿಯೇ. ಆಮೇಲೆ ತುಸು ತಡೆದು ವಿಷಯ ಹೇಳಿದಳು. ಮನೆಯಲ್ಲಿ ಅವಳ ಮದುವೆಯ ಮಾತು ನಡೆದಿತ್ತು. ಹುಡುಗಿಯನ್ನು ಒಮ್ಮೆ ಕೇಳಬೇಡವೇ ಎಂದು ಅವಳ ಸೋದರಮಾವ ಅಂದದ್ದಕ್ಕೆ ಹಿರಿಯರೊಬ್ಬರು, “ಅದನ್ನೇನು ಕೇಳೋದು? ಅದಕ್ಕೇನು ಗೊತ್ತು?” ಎಂದಿದ್ದರು. ಆಕೆ ಒಳಗಿನ ಕೋಣೆಯಲ್ಲಿ ಇದ್ದಳು. “ದೇವರನ್ನ ‘ಅದು’ ಅನ್ನೋದೂ ನನ್ನ ‘ಅದು’ ಅನ್ನೋದೂ ಒಂದೇನಾ ಸಾರ್?” ಎಂಬುದು ಅವಳ ಪ್ರಶ್ನೆ.

ಅಂದು ನಾನು ಹೇಳಿದ್ದು ಇಷ್ಟು: “ಒಂದೇ ಅಲ್ಲಮ್ಮ. ರೂಪ ಒಂದೇ, ಅದನ್ನು ಆಡುವವರ ಭಾವ ಬೇರೆ.” ಅದು ಚಿಕ್ಕ ಉತ್ತರ. ವಿವರವಾದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಪುಂಸಕಪ್ರಯೋಗವೆಲ್ಲವೂ ತಿರಸ್ಕಾರವಲ್ಲ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಹರಡಿರುವ ಹವ್ಯಕ ಕನ್ನಡದಲ್ಲಿ ತಾಯಿ, ಅಕ್ಕ, ಅತ್ತಿಗೆ ಎಲ್ಲರಿಗೂ ‘ಬಂತು, ಹೋತು’ ಎಂಬ ರೂಪಗಳೇ ಸಲ್ಲುತ್ತವೆ. ಅಲ್ಲಿ ಅದು ಮನೆಮಾತಿನ ಸಹಜರೂಪ. ನೆರೆಯ ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸು ಬಂದರೂ ಬಂಡಿ ಬಂದರೂ ಕ್ರಿಯಾಪದ ಒಂದೇ. ಮೂಲದ್ರಾವಿಡದ ಏಕವಚನದಲ್ಲಿ ಗಂಡಸು ಮತ್ತು ಇತರ ಎಂಬ ಎರಡೇ ವರ್ಗಗಳಿದ್ದವೆಂದು ಭದ್ರಿರಾಜು ಕೃಷ್ಣಮೂರ್ತಿಯಂಥ ಭಾಷಾವಿಜ್ಞಾನಿಗಳು ವಾದಿಸಿದ್ದಾರೆ. ಹಾಗಾದರೆ ಕನ್ನಡದ ‘ಅವಳು’ ಆಮೇಲೆ ದೊರೆತ ಸ್ಥಾನ. ಹುಡುಗಿ, ಹೆಣ್ಣು ಎಂಬ ಶಬ್ದಗಳು ಎರಡೂ ಕಡೆ ಕಾಲಿಟ್ಟು ನಿಂತಿರುವುದು ಈ ಹಳೆಯ ಚರಿತ್ರೆಯ ಗುರುತಾಗಿರಬಹುದು. ಹಳೆಯ ಚರಿತ್ರೆಯೆಂದ ಮಾತ್ರಕ್ಕೆ ಅದು ನಿರ್ದೋಷಿಯೆಂದಲ್ಲ. ಮನುಷ್ಯವರ್ಗವನ್ನು ಗಂಡಸಿನಿಂದ ಆರಂಭಿಸಿ ಎಣಿಸಿದ ಒಂದು ಲೋಕದೃಷ್ಟಿ ಅದರ ಹಿಂದೆ ಇದ್ದಿರಬಹುದು. ಭಾಷೆ ತಾನು ಹುಟ್ಟಿದ ಸಮಾಜದ ಲೆಕ್ಕಪುಸ್ತಕವೂ ಹೌದು.

ಎರಡನೆಯದಾಗಿ, ದೇವತೆಯ ನಪುಂಸಕದ ಬಗೆಯೇ ಬೇರೆ. ಹಾಸನದ ಸುತ್ತಿನ ಜನ ದೈವವನ್ನು ಕುರಿತು ಆಡುವ ಮಾತುಗಳನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಜಾತ್ರೆಯಲ್ಲಿ ಉತ್ಸವಮೂರ್ತಿ ಹೊರಟರೆ ‘ದೇವರು ಹೊರಡ್ತು’. ಮೈಮೇಲೆ ಬಂದರೆ ‘ದೇವರು ಬಂತು’. ಸಿಡುಬು, ದಡಾರಗಳಿಗೆ ‘ಅಮ್ಮ ಆಗಿದೆ’. ಇಲ್ಲಿ ಮಾತನಾಡುವವನ ಕಣ್ಣಿಗೆ ಕಾಣುತ್ತಿರುವುದು ವ್ಯಕ್ತಿಯಲ್ಲ. ಒಂದು ವಿಗ್ರಹ, ಒಂದು ಶಕ್ತಿ, ಒಂದು ಆಗುಹ. ಮಳೆ ಬಂತು, ಹೊಳೆ ಬಂತು ಎನ್ನುವಂತೆಯೇ ದೇವರು ಬಂತು. ಅದೇ ಜನ, “ಆ ತಾಯಿ ಕೈಬಿಡಲ್ಲ, ಕಾಪಾಡ್ತಾಳೆ” ಎನ್ನುವಾಗ ಕಾಣುವುದು ಸಂಬಂಧ, ಕೂಡಲೇ ಸ್ತ್ರೀಲಿಂಗ. ಪೂಜೆಯ ಹೊತ್ತಿನಲ್ಲಿ ‘ಅಮ್ಮನವರು’ ಎಂಬ ಗೌರವದ ಬಹುವಚನ. ನನ್ನ ತಾಯಿ ಬಸದಿಯ ಪದ್ಮಾವತಿಯನ್ನು ‘ಅಮ್ಮನೋರು’ ಎನ್ನದೆ ಒಮ್ಮೆಯೂ ಹೆಸರಿಸಿದವರಲ್ಲ. ಅಥೆನ್ಸಿನವರಿಗೂ ಈ ವಿವೇಕವಿತ್ತು. ದೇವಿ ಸ್ತ್ರೀಲಿಂಗ; ಆದರೆ ಪಾರ್ಥೆನಾನಿನಲ್ಲಿದ್ದ ಚಿನ್ನ ಮತ್ತು ದಂತದ ಪ್ರತಿಮೆಗೆ ಹೇಳುವ ‘ಅಗಲ್ಮ’ ಎಂಬ ಶಬ್ದ ನಪುಂಸಕ.

ಹೀಗೆ ನೋಡಿದರೆ ದೇವತೆಗೆ ನಪುಂಸಕವನ್ನು ಹೇಳುವಾಗ ನಾವು ಅವಳನ್ನು ಮನುಷ್ಯಮಾತ್ರದಿಂದ ಮೇಲಕ್ಕೆ ಎತ್ತುತ್ತೇವೆ. ಹುಡುಗಿಗೆ ಅದೇ ರೂಪವನ್ನು ಹೇಳುವಾಗ ಎರಡು ಸಾಧ್ಯತೆಗಳಿವೆ. “ಪಾಪ, ಅದು ಇನ್ನೂ ಊಟ ಮಾಡಿಲ್ಲ” ಎಂಬ ಅಜ್ಜಿಯ ಮಾತಿನಲ್ಲಿ ಆ ರೂಪ ಮಗುವಿನ ಸಾಲಿನದು, ಅಲ್ಲಿ ಅಕ್ಕರೆಯಿದೆ. “ಅದನ್ನೇನು ಕೇಳೋದು” ಎಂಬಲ್ಲಿ ಅದು ಪ್ರೊಟಾಗೊರಸನ ಮೂರನೆಯ ವರ್ಗದ್ದು, ಮನೆಯ ಸಾಮಾನಿನದು. ವ್ಯಾಕರಣ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತದೆ. ಏಕೆಂದರೆ ವ್ಯಾಕರಣದ ಕೆಲಸ ರೂಪವನ್ನು ಹೇಳುವುದು. ಯಾವ ಬಾಯಿಂದ, ಯಾವ ಭಾವದಿಂದ ಅದು ಹೊರಟಿತೆಂಬುದನ್ನು ತೂಗಿ ನೋಡುವ ಕೆಲಸ ಕೇಳುವವರದು. ಆ ಹುಡುಗಿ ಸರಿಯಾಗಿಯೇ ತೂಗಿದ್ದಳು.

ಮೂರನೆಯದಾಗಿ, ಈ ಲಿಂಗಗಳು ಜಗತ್ತಿನಲ್ಲಿ ಇರುವುವಲ್ಲ, ನಾವು ಹಚ್ಚುವುವು ಎಂಬುದಕ್ಕೆ ನಮ್ಮ ನಾಡಿಗೇ ಸೇರಿದ ಒಂದು ಸೊಗಸಾದ ನಿದರ್ಶನವಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದ ಪಪೈರಸ್ಸಿನ ಗ್ರೀಕ್ ಪ್ರಹಸನವನ್ನು ಕನ್ನಡ ಸಾಹಿತ್ಯಚರಿತ್ರೆ ಓದಿದವರೆಲ್ಲ ಬಲ್ಲರು. ಅದರಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದರು; ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಚರ್ಚೆಯನ್ನು ಬೆಳೆಸಿದರು. ಅದು ಕನ್ನಡವೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳು ಇಂದಿಗೂ ಉಳಿದಿವೆ. ಅದರ ಕಥೆಯನ್ನು ನೋಡಿ: ಕಾರಿಟಿಯನ್ ಎಂಬ ಗ್ರೀಕ್ ತರುಣಿ ಭಾರತದ ಕಡಲ ತೀರದಲ್ಲಿ ಸೆರೆಯಾಗಿದ್ದಾಳೆ. ಅಲ್ಲಿಯ ರಾಜ ಅವಳನ್ನು ದೇವಿಗೆ ಬಲಿಕೊಡಲಿದ್ದಾನೆ. ಅವಳ ಅಣ್ಣನೂ ಸಂಗಡಿಗರೂ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ದೇವಿಯ ಹೆಸರು ಸೆಲೇನೆ, ಎಂದರೆ ಚಂದ್ರ. ಗ್ರೀಕರಿಗೆ ಚಂದ್ರ ಹೆಣ್ಣು, ಆದ್ದರಿಂದ ದೇವಿ. ನಮ್ಮ ಕರಾವಳಿಯ ಜನಕ್ಕೆ ಚಂದ್ರ ಗಂಡು. ಅಚ್ಚಗನ್ನಡದ ತಿಂಗಳಾದರೆ ನಪುಂಸಕ. ನಾಟಕಕಾರನು ಕಂಡು ಕೇಳರಿಯದ ನಾಡಿನ ತೀರದಲ್ಲಿ ತನ್ನ ವ್ಯಾಕರಣದ ಚಂದ್ರನಿಗೆ ಗುಡಿ ಕಟ್ಟಿಸಿಬಿಟ್ಟ. ಒಂದೇ ಬೆಳುದಿಂಗಳು, ಮೂರು ಲಿಂಗ. ಆಕಾಶದ ಚಂದ್ರನಿಗೆ ಇದರಿಂದ ಏನೂ ಆಗಲಿಲ್ಲ.

ಊರಿನ ಹೆಸರಿಗೂ ದೇವಿಯ ಹೆಸರಿಗೂ ಇರುವ ನಂಟಿನಲ್ಲಿಯೂ ಇಂಥದೇ ಪಾಠವಿದೆ. ಅಥೆನ್ಸ್ ಪಟ್ಟಣದ ಗ್ರೀಕ್ ಹೆಸರು ‘ಅಥೇನಾಯ್’, ಅದು ಬಹುವಚನ. ಊರಿನಿಂದ ದೇವಿಗೆ ಹೆಸರು ಬಂತೋ ದೇವಿಯಿಂದ ಊರಿಗೆ ಬಂತೋ ಎಂಬ ಚರ್ಚೆ ಹಳೆಯದು. ಊರಿನಿಂದ ದೇವಿಗೆ ಎಂಬುದರ ಕಡೆಗೆ ಇಂದಿನ ಅನೇಕ ವಿದ್ವಾಂಸರ ಒಲವಿದೆ. ಕ್ರೀಟ್ ದ್ವೀಪದ ಕ್ನೊಸಸ್ಸಿನಲ್ಲಿ ಸಿಕ್ಕಿದ ಪ್ರಾಚೀನ ಮಣ್ಣಿನ ಫಲಕವೊಂದರಲ್ಲಿ ‘ಅತಾನಾ ಪೋತ್ನಿಯಾ’ ಎಂದಿದೆ. ‘ಅತಾನಾದ ಒಡತಿ’ ಎಂದು ಅದನ್ನು ಅರ್ಥೈಸಬಹುದು. ನಮ್ಮ ಹಾಸನಾಂಬೆಯೂ ಹೀಗೆಯೇ. ದೇವಿಯ ಹೆಸರಿನಿಂದ ಊರಿಗೆ ಹಾಸನವೆಂಬ ಹೆಸರಾಯಿತೆಂಬುದು ಜನರ ನಂಬಿಕೆ; ನಗುಮೊಗದವಳಾದ್ದರಿಂದ ಹಾಸನಾಂಬೆ ಎನ್ನುತ್ತಾರೆ. ಸಮಾಸವನ್ನು ಬಿಡಿಸಿದರೆ ‘ಹಾಸನದ ಅಂಬೆ’ ಎಂದು ಷಷ್ಠೀತತ್ಪುರುಷವೂ ಆಗುತ್ತದೆ. ಆಗ ಊರು ಮೊದಲು, ಅಂಬೆ ಆಮೇಲೆ. ವ್ಯಾಕರಣ ಎರಡು ದಾರಿ ತೋರಿಸುತ್ತದೆಯೇ ಹೊರತು ಯಾವುದರಲ್ಲಿ ಹೋಗಬೇಕೆಂದು ಹೇಳುವುದಿಲ್ಲ. ಇನ್ನೂ ಒಂದು ಮಾತು: ಸಪ್ತಮಾತೃಕೆಯರಲ್ಲಿ ವೈಷ್ಣವಿ, ಕೌಮಾರಿ, ಮಾಹೇಶ್ವರಿ ಎಂಬ ಮೂವರು ಇಲ್ಲಿ ಹುತ್ತದ ರೂಪದಲ್ಲಿ ನೆಲಸಿದರೆಂದು ಸ್ಥಳಪುರಾಣ. ಅಥೆನ್ಸಿನಲ್ಲಿ ಒಂದು ಊರಿಗೆ ಬಹುವಚನ, ನಮ್ಮಲ್ಲಿ ಮೂವರು ದೇವಿಯರಿಗೆ ಒಂದು ಏಕವಚನ. ಮುದ್ರಣದಲ್ಲಿ ಹಾಸನಾಂಬೆ, ಹಾಸನಾಂಬ, ಹಾಸನಾಂಬಾ ಎಂದು ಮೂರು ರೂಪಗಳು ಕಾಣುತ್ತವೆ. ಹುತ್ತವೊಂದಕ್ಕೆ ಒಂದರಂತೆ ಹಂಚಿದರೆ ಸರಿಹೋಗುತ್ತದೆಂದು ನಾನು ತರಗತಿಯಲ್ಲಿ ನಗೆಯಾಡುವುದುಂಟು.

‘ನಪುಂಸಕ’ ಎಂಬ ಪಾರಿಭಾಷಿಕ ಪದದ ಬಗೆಗೂ ಒಂದು ಮಾತು ಹೇಳಬೇಕು. ಗ್ರೀಕ್ ವೈಯಾಕರಣರು ಮೂರನೆಯ ಲಿಂಗಕ್ಕೆ ಬಳಸಿದ ಹೆಸರಿಗೆ ‘ಎರಡೂ ಅಲ್ಲದ್ದು’ ಎಂದು ಅರ್ಥ. ನಾವು ಸಂಸ್ಕೃತದಿಂದ ತಂದುಕೊಂಡ ಶಬ್ದದ ಒಳಗೆ ಪುರುಷನಲ್ಲದ್ದು ಎಂಬ ಅರ್ಥ ಕುಳಿತಿದೆ. ಬೀದಿಯಲ್ಲಿ ಅದು ಬೈಗುಳವೂ ಆಗಿದೆ. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕುಳಿತ ತರಗತಿಯಲ್ಲಿ ಈ ಪದವನ್ನು ಉಚ್ಚರಿಸಿದಾಗ ಹಿಂದಿನ ಬೆಂಚಿನಲ್ಲಿ ಹರಿದಾಡುವ ನಗೆಯನ್ನು ಅಧ್ಯಾಪಕರೆಲ್ಲ ಕೇಳಿದ್ದೇವೆ. ಪರಿಭಾಷೆಯನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಅದು ಶಬ್ದದ ವರ್ಗವೇ ಹೊರತು ಮನುಷ್ಯರ ವರ್ಗವಲ್ಲವೆಂದು ಆರಂಭದಲ್ಲಿಯೇ ಹೇಳಿ ಮುಂದುವರಿಯುವುದು ಎಲ್ಲ ಅಧ್ಯಾಪಕರಿಂದಲೂ ಆಗುವ ಕೆಲಸ.

ಕೊನೆಯದಾಗಿ, ಈ ಪ್ರಕರಣದಲ್ಲಿ ನಾವು ಸಾಮಾನ್ಯವಾಗಿ ಓದಿ ಮುಂದೆ ಸಾಗುವ ಒಂದು ಅಂಶ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ನಾನು, ನೀನು ಎಂಬ ಸರ್ವನಾಮಗಳಿಗೆ ಕನ್ನಡದಲ್ಲಿ ಸ್ವಂತ ಲಿಂಗವಿಲ್ಲ. ‘ಬಂದೆನು’, ‘ಬಂದೆ’ ಎಂಬ ಕ್ರಿಯಾಪದಗಳು ಗಂಡಿಗೂ ಹೆಣ್ಣಿಗೂ ದೇವರಿಗೂ ಒಂದೇ. ಗ್ರೀಕಿನಲ್ಲಿಯೂ ಉತ್ತಮ ಮಧ್ಯಮ ಪುರುಷಗಳ ಸರ್ವನಾಮಗಳು ಲಿಂಗವನ್ನು ತ್ಯಜಿಸಿವೆ. ಅವಳೋ ಅದೋ ಎಂಬ ಸಂದೇಹ ಹುಟ್ಟುವುದು ಪ್ರಥಮಪುರುಷದಲ್ಲಿ ಮಾತ್ರ. ಎಂದರೆ ಎದುರಿಗಿಲ್ಲದವರನ್ನು ಕುರಿತು, ಅಥವಾ ಒಳಗಿನ ಕೋಣೆಯಲ್ಲಿದ್ದರೂ ಇಲ್ಲವೆಂದೇ ಬಗೆದವರನ್ನು ಕುರಿತು, ನಾವು ನಾವೇ ಮಾತನಾಡಿಕೊಳ್ಳುವಾಗ. ಮುಖ ತಿರುಗಿಸಿ ‘ನೀನು’ ಎಂದ ಕ್ಷಣದಲ್ಲಿ ಲಿಂಗದ ಪ್ರಶ್ನೆ ಇಲ್ಲವಾಗುತ್ತದೆ. “ನೀನೇನಮ್ಮ ಹೇಳ್ತೀಯ?” ಎಂಬ ಒಂದು ವಾಕ್ಯದಲ್ಲಿ ಕೇಶಿರಾಜನಿಗೂ ಪ್ರೊಟಾಗೊರಸನಿಗೂ ವಿಂಗಡಿಸಲು ಏನೂ ಉಳಿಯುವುದಿಲ್ಲ. ಆ ಮನೆಯಲ್ಲಿ ಸೋದರಮಾವ ಬಯಸಿದ್ದು ಈ ಒಂದು ವಾಕ್ಯವನ್ನೇ. ಮುಂದೆ ಅದನ್ನು ಅವರೇ ಆಡಿದರೆಂದೂ ಮದುವೆ ಪರೀಕ್ಷೆ ಮುಗಿಯುವವರೆಗೆ ನಿಂತಿತೆಂದೂ ಆಕೆ ತಿಳಿಸಿದಳು. ಅಷ್ಟೇ ಆದದ್ದು, ಅಷ್ಟಾದರೂ ಆಯಿತು.

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜಮಾಸದಲ್ಲಿ, ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ತೆರೆಯುತ್ತದೆ. ಬಾಗಿಲು ಮುಚ್ಚಿದ ಮೇಲೆ ಹುಂಡಿ ಎಣಿಸುವಾಗ ಹಣದೊಡನೆ ಭಕ್ತರ ಕಾಗದಗಳೂ ಸಿಗುತ್ತವೆ. ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸು, ಕೆಲಸ ಕೊಡಿಸು, ಮನೆಯ ಜಗಳ ನಿಲ್ಲಿಸು ಎಂಬಂಥ ಬೇಡಿಕೆಗಳು ಪ್ರತಿವರ್ಷ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ, ಓದಿದವರು ನಗುತ್ತಾರೆ. ನಾನು ಅವುಗಳಲ್ಲಿ ನೋಡುವುದು ಕ್ರಿಯಾಪದವನ್ನು. ಸರದಿಯಲ್ಲಿ ಗಂಟೆಗಟ್ಟಲೆ ನಿಂತಾಗ ‘ದರ್ಶನ ಆಯ್ತಾ’, ‘ಅಮ್ಮ ಕಾಣಿಸ್ತಾಳಾ’, ‘ದೇವರು ಎಷ್ಟು ದೂರ ಇದೆ’ ಎಂದು ಮೂರು ಬಗೆಯಾಗಿ ಮಾತನಾಡಿದ ಜನ, ಕಾಗದ ಬರೆಯುವಾಗ ಒಂದೇ ಬಗೆಯಲ್ಲಿ ಬರೆಯುತ್ತಾರೆ: ತಾಯೇ, ನೀನು.